ಗಡ್ಡೆಗೆ ಬೆಳಕೂ ಬೇಕು, ಬಿಸಿಯೂ ಬೇಕು: ಯಾವುದು ಮೊದಲು, ಎಷ್ಟು ಹೊತ್ತು?

ಇಲಿಮನೆ
ಪಿಡಿಟಿ ಮತ್ತು ಪಿಟಿಟಿ ಸೇರಿಸುವ ವಿನ್ಯಾಸದ ಬಗ್ಗೆ ಒಂದು ಪ್ರಶ್ನೆ. ಹೊಸಬರಿಗೆ ಎರಡು ಸಾಲು: ಪಿಡಿಟಿ (ಫೋಟೋಡೈನಾಮಿಕ್ ಥೆರಪಿ) ಅಂದರೆ ಬೆಳಕು ಬಿದ್ದಾಗ ಮಾತ್ರ ಕೆಲಸ ಮಾಡುವ ಫೋಟೋಸೆನ್ಸಿಟೈಜರ್ ಔಷಧ, ಅದಕ್ಕೆ ಹೊಂದುವ ಬೆಳಕು, ಅಂಗಾಂಶದೊಳಗಿನ ಆಮ್ಲಜನಕ ಮೂರೂ ಕೂಡಿ ಕ್ಯಾನ್ಸರ್ ಕೋಶ ಕೊಲ್ಲುವ ವಿಧಾನ. ಪಿಟಿಟಿಯಲ್ಲಿ (ಫೋಟೋಥರ್ಮಲ್ ಥೆರಪಿ) ಬೆಳಕನ್ನು ಹೀರಿಕೊಂಡ ಕಣ ಬಿಸಿಯಾಗುತ್ತೆ, ಆ ಬಿಸಿಗೆ ಗಡ್ಡೆ ಬೇಯುತ್ತೆ. ಅದಕ್ಕೆ ಆಮ್ಲಜನಕದ ಹಂಗಿಲ್ಲ.

ಸೆಟಪ್: ಇಲಿಯ ಪಕ್ಕೆಯ ಚರ್ಮದಡಿ ಬೆಳೆಸಿದ ಗಡ್ಡೆ, ಅಡ್ಡಳತೆ ಸುಮಾರು 8 ಮಿ.ಮೀ. ಪಿಡಿಟಿಗೆ ಕ್ಲೋರಿನ್ ಇ6 ಅನ್ನೋ ಫೋಟೋಸೆನ್ಸಿಟೈಜರ್ (ಕ್ಲೋರಿನ್ ಅನಿಲ ಅಲ್ಲ), 660 ನ್ಯಾನೋಮೀಟರ್ ಲೇಸರ್. ಬಿಸಿಗೆ ಚಿನ್ನದ ನ್ಯಾನೋಕಡ್ಡಿ, 808 ಲೇಸರ್. ಕ್ರಮ ಹೀಗೆ: ಮೊದಲು 808, ಚ.ಸೆಂ.ಮೀ.ಗೆ 1 ವ್ಯಾಟ್, 5 ನಿಮಿಷ. ಥರ್ಮಲ್ ಕ್ಯಾಮೆರಾದಲ್ಲಿ ಮೇಲ್ಮೈ 50 ಡಿಗ್ರಿ. ಅದಾದ ತಕ್ಷಣ 660, ಚ.ಸೆಂ.ಮೀ.ಗೆ 200 ಮಿಲಿವ್ಯಾಟ್, ಒಟ್ಟು 100 ಜೂಲ್, ಅಂದರೆ 500 ಸೆಕೆಂಡು.

ಸಮಸ್ಯೆ: ಬರೀ ಬಿಸಿ ಕೊಟ್ಟ ಗುಂಪಿಗೂ ಎರಡೂ ಕೊಟ್ಟ ಗುಂಪಿಗೂ ವ್ಯತ್ಯಾಸವೇ ಇಲ್ಲ. ಎರಡರಲ್ಲೂ ಗಡ್ಡೆ ಕಪ್ಪಾಗಿ ಹೆಕ್ಕಳೆ ಕಟ್ಟುತ್ತೆ, ಆಮೇಲೆ ಅಂಚಿನಿಂದ ಮತ್ತೆ ಚಿಗುರುತ್ತೆ. ಬರೀ ಪಿಡಿಟಿ ಗುಂಪಿನಲ್ಲಿ ಬೆಳವಣಿಗೆ ನಿಧಾನವಾಗುತ್ತೆ, ಅಷ್ಟೇ. ಸೇರಿಸಿದ್ದರಿಂದ ಲಾಭ ಯಾಕೆ ಕಾಣ್ತಿಲ್ಲ?

ಡೋಸಿಮೀಟರ್
ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. 50 ಡಿಗ್ರಿ, 5 ನಿಮಿಷ.

ಸಪರೆಟೊ ಮತ್ತು ಡ್ಯೂಯಿ 1984ರಲ್ಲಿ ಕೊಟ್ಟ ಸೂತ್ರ ತಗೊಳ್ಳಿ. ಯಾವುದೇ ಬಿಸಿಯನ್ನೂ "43 ಡಿಗ್ರಿಯಲ್ಲಿ ಎಷ್ಟು ನಿಮಿಷ ಇಟ್ಟದ್ದಕ್ಕೆ ಸಮ" ಅಂತ ಅದು ಬದಲಿಸುತ್ತೆ. 43ರ ಮೇಲೆ ಪ್ರತಿ ಡಿಗ್ರಿಗೆ ಪರಿಣಾಮ ಎರಡು ಪಟ್ಟು. 43ರ ಕೆಳಗೆ ಪ್ರತಿ ಡಿಗ್ರಿಗೆ ಕಾಲು ಭಾಗ. 50 ಅಂದರೆ 43ಕ್ಕಿಂತ 7 ಹೆಚ್ಚು, 2ರ 7ನೇ ಘಾತ 128. ಅದನ್ನು 5ರಿಂದ ಗುಣಿಸಿದರೆ 640 ನಿಮಿಷ. ಅಂಗಾಂಶ ಪೂರ್ತಿ ಸಾಯೋದಕ್ಕೆ ಸಾಮಾನ್ಯವಾಗಿ 240 ನಿಮಿಷ ಅಂತ ಹಿಡೀತಾರೆ. ಎರಡೂವರೆ ಪಟ್ಟು ದಾಟಿದ್ದೀರಿ. ಮೇಲಿನ ಪದರ ಬೆಂದು ಹೋದ ಮೇಲೆ ಅಲ್ಲಿ ಪಿಡಿಟಿ ಕೊಲ್ಲೋದು ಯಾರನ್ನ?

ಈಗ ಅದೇ 5 ನಿಮಿಷದಲ್ಲಿ ಗಡ್ಡೆಯ ತಳ 42 ಡಿಗ್ರಿ ಮುಟ್ಟಿತು ಅಂತಿಟ್ಟುಕೊಳ್ಳಿ. 5ರ ಕಾಲು ಭಾಗ, ಒಂದೂಕಾಲು ನಿಮಿಷ. ಮೇಲೆ 640, ಕೆಳಗೆ 1.25. ಅಂಚಿನಿಂದ ಚಿಗುರೋದು ಇದಕ್ಕೇ.

ಧಾರವಾಡಪೇಢಾ
ಒಪ್ಪಿದೆ ನೋಡ್ರಿ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದೈತಿ. ಮೊದಲ 50 ಡಿಗ್ರಿ ಕೊಟ್ರ ಗಡ್ಡಿಯೊಳಗಿನ ಸಣ್ಣ ರಕ್ತನಾಳ ಮುಚ್ಚಿ ಹೋಗ್ತಾವ. ರಕ್ತ ಬರಂಗಿಲ್ಲ ಅಂದಮ್ಯಾಲೆ ಆಮ್ಲಜನಕ ಎಲ್ಲಿಂದ ಬರಬೇಕು? ಆಮ್ಲಜನಕ ಇಲ್ಲದ ಕಡೆ 660 ಬಿಟ್ರ ಅದು ಬರೀ ಕೆಂಪು ಟಾರ್ಚ್. ನಿಮ್ಮ ಪಿಡಿಟಿನ ನೀವ ಕೊಂದೀರಿ.

ಸುಮ್ನೆಓದುಗ
ಆದರೆ ಬಿಸಿ ಕೊಟ್ಟರೆ ರಕ್ತಸಂಚಾರ ಹೆಚ್ಚುತ್ತೆ, ಆಮ್ಲಜನಕ ಹೆಚ್ಚುತ್ತೆ, ಅದರಿಂದ ಪಿಡಿಟಿ ಚೆನ್ನಾಗಿ ಆಗುತ್ತೆ ಅಂತ ಪ್ರತಿ ಪ್ರಬಂಧದ ಪೀಠಿಕೆಯಲ್ಲೂ ಬರೀತಾರಲ್ಲ?

ಧಾರವಾಡಪೇಢಾ
ಪೀಠಿಕಾದಾಗ ಬರೀತಾರ, ಮುಂದ ಪ್ರಯೋಗದಾಗ 55 ಡಿಗ್ರಿ ಕೊಡ್ತಾರ. ರಕ್ತ ಹೆಚ್ಚು ಹರಿಯೂದು 39ರಿಂದ 42ರ ಒಳಗಿನ ಮಾತು. 43-44 ದಾಟಿ ಸ್ವಲ್ಪ ಹೊತ್ತು ನಿಂತ್ರ ಗಡ್ಡಿಯ ನಾಳ ಕುಸೀತಾವ. ಅವು ಆರೋಗ್ಯವಂತ ನಾಳದಂಗ ಗಟ್ಟಿ ಇರಂಗಿಲ್ಲ. ಎರಡೂ ಮಾತು ಖರೇನ, ಆದ್ರ ಒಂದ ತಾಪಮಾನದಾಗ ಎರಡೂ ಖರೆ ಆಗಂಗಿಲ್ಲ.

ಕೆಂಪುದೀಪ
ಇದಕ್ಕೊಂದು ಸಣ್ಣ ಸೇರ್ಪಡೆ. ರಕ್ತನಾಳವೇ ಇಲ್ಲದ ಲ್ಯಾಬಿನ ಕ್ಯುವೆಟ್‌ನಲ್ಲೋ ಪ್ಲೇಟ್‌ನಲ್ಲೋ "ಬಿಸಿ ಕೊಟ್ಟು ಆಮ್ಲಜನಕ ಹೆಚ್ಚಿಸಿದೆವು" ಅನ್ನೋ ವಾದ ನಿಲ್ಲಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರೋ ಆಮ್ಲಜನಕ ಕಡಿಮೆ ಆಗುತ್ತೆ. ಗಾಳಿಗೆ ತೆರೆದ ನೀರಿನಲ್ಲಿ 25 ಡಿಗ್ರಿಗೆ ಲೀಟರಿಗೆ ಸುಮಾರು 8.3 ಮಿಲಿಗ್ರಾಂ, 45ಕ್ಕೆ ಹೆಚ್ಚುಕಡಿಮೆ 6. ಪ್ಲೇಟ್‌ನಲ್ಲಿ ಬಿಸಿಯಿಂದ ಪಿಡಿಟಿ ಹೆಚ್ಚಾಯ್ತು ಅಂದರೆ ಕಾರಣ ಬೇರೆ: ಕೋಶದೊಳಗೆ ಔಷಧ ಹೆಚ್ಚು ಹೋಗಿರಬೇಕು, ಪೊರೆ ಸಡಿಲಾಗಿರಬೇಕು, ಇಲ್ಲವೇ ರಿಪೇರಿ ಕೆಲಸ ನಿಂತಿರಬೇಕು.

ಇಲಿಮನೆ
ಹಾಗಾದರೆ ಕ್ರಮ ತಿರುಗಿಸಿ, ಮೊದಲು 660 ಆಮೇಲೆ 808 ಅಂದರೆ ಸಾಕಾ?

ಡೋಸಿಮೀಟರ್
ಕ್ರಮ ತಿರುಗಿಸಲೇಬೇಕು, ಆದರೆ ಅದೊಂದರಿಂದ ಆಗಲ್ಲ.

ಇದು ಹೊಸ ವಿಷಯವೂ ಅಲ್ಲ. 1980ರ ದಶಕದಲ್ಲಿ, ನ್ಯಾನೋ ಅನ್ನೋ ಪದ ಫ್ಯಾಷನ್ ಆಗೋ ಮುಂಚೆ, ಅಮೆರಿಕದ ಬಫಲೊದಲ್ಲಿರೋ ಕ್ಯಾನ್ಸರ್ ಕೇಂದ್ರ ರಾಸ್‌ವೆಲ್ ಪಾರ್ಕ್‌ನಲ್ಲಿ ಥಾಮಸ್ ಡೌಗರ್ಟಿ ಅವರ ಗುಂಪು ಇಲಿಗಳಲ್ಲಿ ಎರಡೂ ಕ್ರಮ ಹೋಲಿಸಿ ನೋಡಿತ್ತು. ಪಿಡಿಟಿ ಮುಗಿದ ತಕ್ಷಣ ಬಿಸಿ ಕೊಟ್ಟಾಗಲೇ ಹೆಚ್ಚು ಫಲ. ಕಾರಣ ಮೂರು.

ಒಂದು, ಪಿಡಿಟಿಗೆ ಬೇಕಾದ ಆಮ್ಲಜನಕ ಅದರ ಪಾಲಿಗೆ ಮೊದಲೇ ಸಿಗುತ್ತೆ. ಎರಡು, ಪಿಡಿಟಿಯಿಂದ ರಕ್ತನಾಳ ಮುಚ್ಚಿದಾಗ ಗಡ್ಡೆಯಲ್ಲಿ ಆಮ್ಲಜನಕ ಇಳಿದು ಆಮ್ಲೀಯತೆ ಏರುತ್ತೆ, ಅಂಥ ಕೋಶಗಳು ಬಿಸಿಗೆ ಬೇಗ ಸಾಯ್ತವೆ. ಪಿಡಿಟಿಗೆ ಶತ್ರುವಾದ ಪರಿಸ್ಥಿತಿ ಬಿಸಿಗೆ ಮಿತ್ರ. ಮೂರನೆಯದನ್ನ ಬಹಳ ಜನ ಮರೀತಾರೆ: ಹರಿಯುವ ರಕ್ತ ಬಿಸಿಯನ್ನ ಹೊತ್ತೊಯ್ಯುತ್ತೆ, ನಮ್ಮ ಕಾರಿನ ರೇಡಿಯೇಟರ್ ಥರ. ಪಿಡಿಟಿ ಆದ ಮೇಲೆ ಆ ರೇಡಿಯೇಟರ್ ಬಂದ್. ಅಷ್ಟೇ ಪವರ್ ಕೊಟ್ಟರೂ ತಾಪ ಮೊದಲಿಗಿಂತ ಮೇಲೆ ಹೋಗುತ್ತೆ.

ಹಾಗಾಗಿ ಹಳೇ 1 ವ್ಯಾಟ್ ಇಟ್ಟುಕೊಂಡು ಕ್ರಮ ಮಾತ್ರ ತಿರುಗಿಸಿದರೆ 50 ಇದ್ದದ್ದು ಇನ್ನೂ ಮೇಲೇರಿ ಚರ್ಮವೇ ಕಿತ್ತು ಬರುತ್ತೆ. ಚ.ಸೆಂ.ಮೀ.ಗೆ 0.3 ವ್ಯಾಟ್‌ನಿಂದ ಶುರು ಮಾಡಿ, ತಾಪ ನೋಡ್ತಾ ಸ್ವಲ್ಪ ಸ್ವಲ್ಪ ಏರಿಸಿ, 44 ಮುಟ್ಟಿದ ಮೇಲೆ ಅಲ್ಲೇ ಹಿಡಿದು 20 ನಿಮಿಷ. ಲೆಕ್ಕ ಹಾಕಿ: 20ರ ಎರಡು ಪಟ್ಟು, 40 ನಿಮಿಷ. ಬರೀ ಬಿಸಿಯಿಂದ ಪೂರ್ತಿ ಕೊಲ್ಲಲ್ಲ, ಪಿಡಿಟಿಯಿಂದ ಅರೆಜೀವ ಆದದ್ದನ್ನ ಏಳೋಕೆ ಬಿಡಲ್ಲ.

ಕೆಂಪುದೀಪ
660ರ 200 ಮಿಲಿವ್ಯಾಟ್ ಕೂಡ ಜಾಸ್ತಿ. ದರ ಹೆಚ್ಚಿದಷ್ಟೂ ಆಮ್ಲಜನಕ ಖರ್ಚಾಗೋ ವೇಗ ರಕ್ತ ತಂದುಕೊಡೋ ವೇಗವನ್ನ ಮೀರುತ್ತೆ. ಮೊದಲ ಒಂದೆರಡು ನಿಮಿಷ ಪಿಡಿಟಿ, ಉಳಿದ ಹೊತ್ತು ಬರೀ ಬೆಳಕು. 50ರಿಂದ 75ರ ನಡುವೆ ಇಡಿ. 75ರಲ್ಲಿ 100 ಜೂಲ್‌ಗೆ 1333 ಸೆಕೆಂಡು, ಸುಮಾರು 22 ನಿಮಿಷ. ಅಷ್ಟು ಹೊತ್ತು ಆಗಲ್ಲ ಅಂದರೆ ಬೆಳಕನ್ನ ಬಿಟ್ಟುಬಿಟ್ಟು ಕೊಡಿ. ನಡುವಿನ ಕತ್ತಲಲ್ಲಿ ಆಮ್ಲಜನಕ ಮತ್ತೆ ತುಂಬಿಕೊಳ್ಳುತ್ತೆ.

ಇನ್ನೊಂದು: 200 ಮಿಲಿವ್ಯಾಟ್ ದಾಟಿದರೆ ಕೆಂಪು ಬೆಳಕೇ ಅಂಗಾಂಶವನ್ನ ಬಿಸಿ ಮಾಡೋಕೆ ಶುರು ಮಾಡುತ್ತೆ. ಆಗ ನಿಮ್ಮ "ಬರೀ ಪಿಡಿಟಿ" ಗುಂಪಿನಲ್ಲೂ ಸ್ವಲ್ಪ ಪಿಟಿಟಿ ಬೆರೆತಿರುತ್ತೆ.

ಅಂಕಿಅಂಶ
ದರ ಕಡಿಮೆ ಅಂತ ಎಲ್ಲರಿಗೂ ಒಂದೇ ಮದ್ದು ಹೇಳಬೇಡಿ. ಜಪಾನ್‌ನಲ್ಲಿ 2003ರಲ್ಲಿ ಒಪ್ಪಿಗೆ ಪಡೆದ ಟಾಲಾಪೋರ್ಫಿನ್ ಕ್ಲೋರಿನ್ ಇ6ರದ್ದೇ ಬಂಧು. ಶ್ವಾಸನಾಳದ ಆರಂಭದ ಕ್ಯಾನ್ಸರ್‌ಗೆ ಅದನ್ನ 150 ಮಿಲಿವ್ಯಾಟ್, 100 ಜೂಲ್, 664ರ ಬೆಳಕಲ್ಲಿ ಬಳಸ್ತಾರೆ. ಟೆಮೋಪೋರ್ಫಿನ್‌ಗೆ 652ರಲ್ಲಿ 100 ಮಿಲಿವ್ಯಾಟ್, ಬರೀ 20 ಜೂಲ್. ಔಷಧಕ್ಕೊಂದು ಲೆಕ್ಕ.

ಕೆಂಪುದೀಪ
ಸರಿ, ಒಪ್ಪಿದೆ. ಆದರೆ ಅವು ಮನುಷ್ಯರ ಶ್ವಾಸನಾಳದ ತೆಳು ಪದರ, ಅಥವಾ ತುಂಬ ಪ್ರಬಲ ಔಷಧ. ಇಲಿಯ ಪಕ್ಕೆಯ 8 ಮಿ.ಮೀ. ಗಡ್ಡೆಯ ಒಳಭಾಗ ಮೊದಲೇ ಆಮ್ಲಜನಕಕ್ಕೆ ಬರಗೆಟ್ಟದ್ದು. ಅಲ್ಲಿ 75ಕ್ಕೇ ನನ್ನ ಓಟು.

ಚಿನ್ನದಕಡ್ಡಿ
ಕಣದ ಕಡೆ ಯಾರೂ ನೋಡ್ತಿಲ್ಲ. ಮೂರು ಪ್ರಶ್ನೆ:

ಕ್ಲೋರಿನ್ ಇ6ನ್ನ ಚಿನ್ನದ ಮೇಲೆ ನೇರ ಅಂಟಿಸಿದ್ದೀರಾ? ಹಾಗಿದ್ದರೆ ಔಷಧ ಹೀರಿದ ಶಕ್ತಿಯನ್ನ ಚಿನ್ನ ಕಸಿದುಕೊಳ್ಳುತ್ತೆ. ಹೊಳಪೂ ಸಾಯುತ್ತೆ, ಸಿಂಗ್ಲೆಟ್ ಆಕ್ಸಿಜನ್ನೂ (ಪಿಡಿಟಿಯಲ್ಲಿ ಕೋಶ ಕೊಲ್ಲೋ ಚುರುಕು ಆಮ್ಲಜನಕ) ಸಾಯುತ್ತೆ. ನಡುವೆ ಸಿಲಿಕಾ ಪದರವೋ ಉದ್ದದ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಸರಪಳಿಯೋ ಬೇಕು, ಇಲ್ಲವೇ ಗಡ್ಡೆ ತಲುಪಿದ ಮೇಲೆ ಔಷಧ ಬಿಡುಗಡೆ ಆಗೋ ಹಾಗೆ ಕಟ್ಟಬೇಕು.

ಸೀಟ್ಯಾಬ್ ಪೂರ್ತಿ ತೊಳೆದಿದ್ದೀರಾ? ಕಡ್ಡಿ ಬೆಳೆಸೋಕೆ ಸೀಟ್ಯಾಬ್ ಬೇಕೇ ಬೇಕು, ಆದರೆ ಅದು ಕೋಶದ ಪೊರೆ ಕರಗಿಸೋ ಸಾಬೂನು. ಎರಡು ಸಲ ಸೆಂಟ್ರಿಫ್ಯೂಜ್, ಆಮೇಲೆ ಥಯಾಲ್-ಪೆಗ್ ಹಾಕಿ ರಾತ್ರಿಯಿಡೀ ಬಿಟ್ಟು, ಮತ್ತೊಮ್ಮೆ ಸೆಂಟ್ರಿಫ್ಯೂಜ್. ಪೆಗ್ ಹಾಕೋ ಮುಂಚೆ ಅತಿಯಾಗಿ ತೊಳೆದರೆ ಕಡ್ಡಿಗಳು ಗುಂಪುಗಟ್ಟಿ ತಳ ಹಿಡಿಯುತ್ತವೆ, ದ್ರಾವಣದ ಬಣ್ಣ ಬೂದಿ ತಿರುಗುತ್ತೆ. ಹಾಗಾದರೆ ಚೆಲ್ಲಿ, ಅಲ್ಲಾಡಿಸಿ ಸರಿ ಮಾಡೋಕೆ ಆಗಲ್ಲ.

ಲೇಸರ್ ನಿರಂತರದ್ದಾ, ಪಲ್ಸ್‌ದಾ? ಬಲವಾದ ನ್ಯಾನೋಸೆಕೆಂಡ್ ಪಲ್ಸ್ ಆದರೆ ಕಡ್ಡಿ ಕರಗಿ ಗುಂಡಗಾಗುತ್ತೆ. 808ರಲ್ಲಿದ್ದ ಹೀರಿಕೆ ಮಾಯ, 520ರ ಹತ್ತಿರ ಹೊಸ ಶಿಖರ. ಲೇಸರ್‌ಗೆ ಮುಂಚೆ ಒಂದು, ಆಮೇಲೆ ಒಂದು ಸ್ಪೆಕ್ಟ್ರಮ್ ತಗೊಂಡರೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ.

ಇಲಿಮನೆ
ನಿರಂತರ ಲೇಸರ್. ಕ್ಲೋರಿನ್ ಇ6 ಅಂಟಿಸಿಲ್ಲ, ಬೇರೆಯಾಗಿ ರಕ್ತನಾಳಕ್ಕೆ. ಪೆಗ್ ಆಗಿದೆ.

ಚಿನ್ನದಕಡ್ಡಿ
ಒಳ್ಳೇದು. ಬೇರೆಬೇರೆ ಕೊಟ್ಟರೆ ಪ್ರತಿಯೊಂದಕ್ಕೂ ಅದರ ಸಮಯ. ಪೆಗ್ ಕಡ್ಡಿ ಗಡ್ಡೆಯಲ್ಲಿ ತುಂಬಿಕೊಳ್ಳೋಕೆ ಒಂದು ದಿನ ಬೇಕು, ಕ್ಲೋರಿನ್ ಇ6ಗೆ ಕೆಲವೇ ಗಂಟೆ. ಎರಡನ್ನೂ ಒಂದೇ ಸಿರಿಂಜಲ್ಲಿ ಒಂದೇ ಹೊತ್ತಿಗೆ ಹಾಕಿದರೆ ಒಂದು ಬೇಗ ಆಗುತ್ತೆ, ಇನ್ನೊಂದು ತಡ ಆಗುತ್ತೆ. ಕಡ್ಡಿ ಹಿಂದಿನ ದಿನ, ಔಷಧ ಅದೇ ದಿನ.

ಸುಮ್ನೆಓದುಗ
ಇಷ್ಟೆಲ್ಲ ಯಾಕೆ? ಇಂಡೋಸಯನಿನ್ ಗ್ರೀನ್ ಹಾಕಿ 808 ಬಿಟ್ಟರೆ ಬಿಸಿಯೂ ಆಗುತ್ತೆ, ಸಿಂಗ್ಲೆಟ್ ಆಕ್ಸಿಜನ್ನೂ ಬರುತ್ತೆ. ಒಂದೇ ಔಷಧ, ಒಂದೇ ಲೇಸರ್. ರೋಗಪತ್ತೆಗೆ 1959ರಿಂದ ಒಪ್ಪಿಗೆ ಇರೋ ಬಣ್ಣ ಬೇರೆ.

ಡೋಸಿಮೀಟರ್
ಕೇಳೋಕೆ ಚಂದ. ರಕ್ತದಲ್ಲಿ ಅದರ ಅರ್ಧಾಯುಷ್ಯ ಮೂರು-ನಾಲ್ಕು ನಿಮಿಷ, ಪಿತ್ತಜನಕಾಂಗ ಎತ್ತಿ ಹೊರಗೆ ಹಾಕುತ್ತೆ. ಗಡ್ಡೆಗೆ ತಲುಪಿಸೋಕೆ ಲೈಪೋಸೋಮ್ (ಕೊಬ್ಬಿನ ಸಣ್ಣ ಗುಳ್ಳೆ) ಥರ ಏನಾದರೂ ಕಟ್ಟಲೇಬೇಕು, ಅಲ್ಲಿಗೆ "ಒಪ್ಪಿಗೆ ಇರೋ ಬಣ್ಣ" ಅನ್ನೋ ಅನುಕೂಲ ಹೋಯ್ತು. ಸಿಂಗ್ಲೆಟ್ ಆಕ್ಸಿಜನ್ ಕೊಡೋದು ಬಲು ಕಡಿಮೆ. ಹೀರಿದ ಶಕ್ತಿ ಬಹುಪಾಲು ಬಿಸಿಯಾಗಿಯೇ ಹೋಗುತ್ತೆ. ಮೇಲಾಗಿ ಬೆಳಕಿಗೆ ತಾನೇ ಒಡೆದು ಬಣ್ಣಗೆಡುತ್ತೆ: ತಾಪದ ಗೆರೆ ಮೊದಲ ನಿಮಿಷಗಳಲ್ಲಿ ಏರಿ, ಲೇಸರ್ ಉರೀತಾ ಇದ್ದಾಗಲೇ ಇಳಿಯೋದಕ್ಕೆ ಶುರು ಆದರೆ ಬಣ್ಣ ಸತ್ತಿದೆ ಅಂತ ಅರ್ಥ. ಅಯೋಡೈಡ್ ಇರೋದರಿಂದ ಅಯೋಡಿನ್ ಅಲರ್ಜಿ ಇರೋರಿಗೆ ಆಗಲ್ಲ.

ಒಂದೇ ಲೇಸರ್‌ನ ಇನ್ನೊಂದು ತೊಂದರೆ: ಕ್ರಮ ನಿಮ್ಮ ಕೈಲಿ ಇರಲ್ಲ. ಬಿಸಿ, ಬೆಳಕು ಎರಡೂ ಒಟ್ಟಿಗೇ ಶುರು. ಇಡೀ ಚರ್ಚೆಯೇ ಕ್ರಮದ್ದು ಮಾರಾಯ್ರೇ.

ಅಂಕಿಅಂಶ
ಸಿನರ್ಜಿ, ಅಂದರೆ ಎರಡು ಸೇರಿದಾಗ ಕೂಡಿಕೆಗಿಂತ ಹೆಚ್ಚು ಫಲ, ಆ ಪದದ ಮೇಲೆ ನನ್ನ ಹಳೇ ಜಗಳ. ಬರೀ ಬಿಸಿ 40% ಕೋಶ ಕೊಲ್ಲುತ್ತೆ, ಬರೀ ಪಿಡಿಟಿ 30%. ಎರಡಕ್ಕೂ ಪರಸ್ಪರ ಸಂಬಂಧವೇ ಇಲ್ಲ ಅಂದರೆ ಸೇರಿದಾಗ ಎಷ್ಟು? 70 ಅಲ್ಲ. ಬಿಸಿಯಿಂದ ಉಳಿದ 60ರಲ್ಲಿ 30% ಅಂದರೆ 18, ಒಟ್ಟು 58. 58ಕ್ಕಿಂತ ಸ್ಪಷ್ಟವಾಗಿ ಮೇಲೆ ಬಂದರೆ ಮಾತ್ರ ಸಿನರ್ಜಿ ಅನ್ನಿ. 58 ಬಂದರೆ ಅದು ಕೂಡಿಕೆ, 50 ಬಂದರೆ ಒಂದು ಇನ್ನೊಂದಕ್ಕೆ ಅಡ್ಡಗಾಲು ಹಾಕ್ತಿದೆ.

ಈಗ ಇಲಿಮನೆ ಅವರ ಪ್ರಶ್ನೆಗೆ ಹಾಕಿ. ಬರೀ ಬಿಸಿಯೇ 95% ಕೊಂದರೆ, 30%ದ ಪಿಡಿಟಿ ಸೇರಿಸಿದಾಗ 96.5. ಈ ಒಂದೂವರೆ ಶೇಕಡವನ್ನ ಗುಂಪಿಗೆ ಐದು ಇಲಿ ಇಟ್ಟು ಹುಡುಕೋದು ಅಂದರೆ ಹುಲ್ಲಿನ ಬಣವೆಯಲ್ಲಿ ಸೂಜಿ. ಎರಡನ್ನೂ ಅರ್ಧ ಪರಿಣಾಮ ಕೊಡೋ ಮಟ್ಟಕ್ಕೆ ಇಳಿಸಿ, ಆಮೇಲೆ ಸೇರಿಸಿ.

ಕೆಂಪುದೀಪ
ಹೋಲಿಕೆ ಗುಂಪುಗಳನ್ನೂ ಪಟ್ಟಿ ಮಾಡಿಬಿಡಿ: ಏನೂ ಇಲ್ಲದ್ದು, 660 ಮಾತ್ರ, 808 ಮಾತ್ರ, ಎರಡೂ ಲೇಸರ್ ಆದರೆ ಔಷಧ ಇಲ್ಲ, ಕಡ್ಡಿ ಮಾತ್ರ, ಔಷಧ ಮಾತ್ರ, ಪಿಡಿಟಿ, ಪಿಟಿಟಿ, ಪಿಡಿಟಿ ಆಮೇಲೆ ಪಿಟಿಟಿ, ಪಿಟಿಟಿ ಆಮೇಲೆ ಪಿಡಿಟಿ. ಕೊನೆಯ ಎರಡರಲ್ಲಿ ಪವರ್ ಅಲ್ಲ, ತಾಪ ಸಮ ಇರಬೇಕು. ಪವರ್ ಸಮ ಇಟ್ಟರೆ ಡೋಸಿಮೀಟರ್ ಹೇಳಿದ ರೇಡಿಯೇಟರ್ ಕತೆ ಬಂದು ಹೋಲಿಕೆ ಕೆಡುತ್ತೆ.

ಕೋಶದ ಮಟ್ಟದಲ್ಲಿ ಬಿಸಿಯನ್ನ ಬೇರ್ಪಡಿಸೋಕೆ ಪ್ಲೇಟನ್ನ ಐಸ್ ಮೇಲಿಟ್ಟು ಬೆಳಕು ಬಿಡಿ, ಆಗ ಉಳಿಯೋದು ಪಿಡಿಟಿ. ಸಿಂಗ್ಲೆಟ್ ಆಕ್ಸಿಜನ್ ಬೇರ್ಪಡಿಸೋಕೆ ಸೋಡಿಯಂ ಅಜೈಡ್ ಅಥವಾ ಹಿಸ್ಟಿಡಿನ್ ಹಾಕಿ ನುಂಗಿಸಿ, ಆಗ ಉಳಿಯೋದು ಬಿಸಿ. 96 ಬಾವಿ ಪ್ಲೇಟ್‌ನಲ್ಲಿ ಬೆಳಕು ಬಿಡೋ ಬಾವಿಯ ಅಕ್ಕಪಕ್ಕ ಖಾಲಿ ಬಾವಿಗಳಿಗೆ ನೀರು ತುಂಬಿ ಬಿಡಿ. ಪಕ್ಕದ ಬಾವಿಗೆ ಬಿಸಿ ಹರಿದು ಕಂಟ್ರೋಲ್ ಕೋಶ ಸಾಯೋದು ದಿನನಿತ್ಯದ ಕತೆ.

ಧಾರವಾಡಪೇಢಾ
ಮತ್ತ ಆ ಡಿಸಿಎಫ್ ಬಣ್ಣ ಹಾಕಿ ಹಸಿರು ಹೊಳೀತು, ಸಿಂಗ್ಲೆಟ್ ಆಕ್ಸಿಜನ್ ಬಂತು ಅನ್ನಬ್ಯಾಡ್ರಿ. ಅದು ಆಕ್ಸಿಡೈಸ್ ಮಾಡೋ ಯಾವ ವಸ್ತು ಬಂದ್ರೂ ಹೊಳೀತೈತಿ, ಬೆಳಕಿಗೇ ತಾನ ಆಕ್ಸಿಡೈಸ್ ಆಗಿ ಹೊಳೀತೈತಿ. ಇದ ಕೆಲಸಕ್ಕ ಬಳಸೋ ಡಿಪಿಬಿಎಫ್ ಸಹ ಪೂರ್ತಿ ನಂಬೋ ಹಂಗಿಲ್ಲ. ಎಬಿಡಿಎ ಸ್ವಲ್ಪ ವಾಸಿ. ಯಾವುದನ್ನ ಬಳಸಿದ್ರೂ ಔಷಧ ಇಲ್ಲದ, ಬೆಳಕು ಮಾತ್ರ ಇರೋ ಟ್ಯೂಬ್ ಒಂದು ಪಕ್ಕದಾಗ ಇರ್ಲಿ.

ಥರ್ಮೋಕಪಲ್
ತಡವಾಗಿ ಬಂದೆ. "ಮೇಲ್ಮೈ 50" ಅನ್ನೋ ಸಂಖ್ಯೆಯನ್ನೇ ಎಲ್ಲರೂ ನಂಬಿದ್ದೀರಲ್ಲ?

ಥರ್ಮಲ್ ಕ್ಯಾಮೆರಾ ನೋಡೋದು ಚರ್ಮದ ಹೊರಮೈ ಮಾತ್ರ, ಒಳಗೆ ಏನಾಗ್ತಿದೆ ಅದಕ್ಕೆ ಗೊತ್ತಿಲ್ಲ. ಎಮಿಸಿವಿಟಿ (ಮೇಲ್ಮೈ ಎಷ್ಟು ಚೆನ್ನಾಗಿ ಶಾಖ ಸೂಸುತ್ತೆ ಅನ್ನೋ ಅಂಕಿ) 0.98ಕ್ಕೆ ಇಟ್ಟಿದ್ದೀರಾ ನೋಡಿ. ಚರ್ಮದ ಮೇಲೆ ಸಲೈನ್ ಹನಿ ಇದ್ದರೆ ಅದು ಆವಿಯಾಗ್ತಾ ಮೇಲ್ಮೈಯನ್ನ ತಣ್ಣಗೆ ತೋರಿಸುತ್ತೆ. ಒಳಗೆ ಸೂಜಿ ಥರ್ಮೋಕಪಲ್ ಚುಚ್ಚಿದರೆ ಇನ್ನೊಂದು ಬಲೆ: ಲೋಹದ ತುದಿ ತಾನೇ ಬೆಳಕು ಹೀರಿ ಬಿಸಿಯಾಗುತ್ತೆ, ಅಂಗಾಂಶದ ತಾಪವಲ್ಲ, ತನ್ನ ತಾಪ ಹೇಳುತ್ತೆ. ಪರೀಕ್ಷೆ ಸುಲಭ. ಲೇಸರ್ ಆರಿಸಿದ ಕ್ಷಣ ಓದು ಧಪ್ ಅಂತ ಇಳಿದು ಆಮೇಲೆ ನಿಧಾನಕ್ಕೆ ಇಳಿದರೆ, ಆ ಧಪ್ ಅಂದಷ್ಟು ಸುಳ್ಳು. ಉಳಿದದ್ದು ನಿಜ. ದುಡ್ಡಿದ್ದರೆ ಫೈಬರ್ ಆಪ್ಟಿಕ್ ಸೆನ್ಸರ್ ತಗೊಳ್ಳಿ, ಅದರಲ್ಲಿ ಲೋಹ ಇಲ್ಲ.

ಇನ್ನು ಅರಿವಳಿಕೆಯಲ್ಲಿರೋ ಇಲಿ ತಣ್ಣಗಾಗುತ್ತೆ. ಪಕ್ಕೆಯ ಗಡ್ಡೆ 32-34ರಿಂದ ಶುರುವಾಗಬಹುದು, 37ರಿಂದ ಅಲ್ಲ. "15 ಡಿಗ್ರಿ ಏರಿಸಿದೆವು" ಅಂತ ಬರೆಯೋದು ಅರ್ಥವಿಲ್ಲದ ಮಾತು, ಎಲ್ಲಿಂದ ಎಲ್ಲಿಗೆ ಅಂತ ಬರೀರಿ. ಕೆಳಗೆ ಹೀಟಿಂಗ್ ಪ್ಯಾಡ್ ಇರಲಿ.

ಥರ್ಮೋಕಪಲ್
ಮರೆತೆ. ನಿಮ್ಮ "ಚ.ಸೆಂ.ಮೀ.ಗೆ 1 ವ್ಯಾಟ್" ಹೇಗೆ ಲೆಕ್ಕ ಹಾಕಿದ್ದು? ಡಿಸ್‌ಪ್ಲೇಯಲ್ಲಿ 1 ವ್ಯಾಟ್ ಅಂತ ಇದ್ದು, ಬೆಳಕಿನ ವೃತ್ತ 8 ಮಿ.ಮೀ. ಆಗಿದ್ದರೆ, ವಿಸ್ತೀರ್ಣ 0.5 ಚ.ಸೆಂ.ಮೀ., ನಿಜದಲ್ಲಿ ಚ.ಸೆಂ.ಮೀ.ಗೆ 2 ವ್ಯಾಟ್ ಬಿತ್ತು. ಅದೂ ಸರಾಸರಿ. ಗಾಸಿಯನ್ ಕಿರಣ (ನಡುವೆ ಪ್ರಖರ, ಅಂಚಿಗೆ ಮಂದ) ಆದರೆ ನಡುವಿನ ತೀವ್ರತೆ ಸರಾಸರಿಯ ಎರಡು ಪಟ್ಟು. ಮಧ್ಯದಲ್ಲಿ ಸುಟ್ಟು, ಅಂಚಲ್ಲಿ ಹಸಿ ಉಳಿಯೋದು, ಅಂಚಿನಿಂದ ಮತ್ತೆ ಬೆಳೆಯೋದು, ಇದಕ್ಕೂ ಹೊಂದುತ್ತೆ. ಫೈಬರ್ ತುದಿಗೆ ಕಾಲಿಮೇಟರ್ ಹಾಕಿ, ಕಿರಣವನ್ನ ಸಮತಟ್ಟು ಮಾಡಿ, ಗಡ್ಡೆಯ ಸುತ್ತ 2 ಮಿ.ಮೀ. ಹೆಚ್ಚಿಗೆ ಬೀಳೋ ಹಾಗೆ ಇಡಿ. ಪವರ್ ಮೀಟರ್ ಗಡ್ಡೆ ಇರೋ ಎತ್ತರದಲ್ಲೇ ಇಟ್ಟು ಅಳೀರಿ, ಲೇಸರ್ ಬಾಯಲ್ಲಿ ಅಲ್ಲ.

ಇಲಿಮನೆ
ಡಿಸ್‌ಪ್ಲೇಯಲ್ಲಿ 1 ವ್ಯಾಟ್. ವೃತ್ತ 8 ಮಿ.ಮೀ. 😶

ಧಾರವಾಡಪೇಢಾ
ಅಲ್ಲೇ ಐತಿ ನೋಡ್ರಿ!

ಡೋಸಿಮೀಟರ್
ಹಾಗಾದರೆ ನಡುವೆ ಹೆಚ್ಚುಕಡಿಮೆ 4 ವ್ಯಾಟ್. 808ಕ್ಕೆ ಚರ್ಮ ತಡೆಯುವ ಸುರಕ್ಷತಾ ಮಿತಿ ಚ.ಸೆಂ.ಮೀ.ಗೆ 0.33 ವ್ಯಾಟ್ ಅಂತ ಅಮೆರಿಕದ ಲೇಸರ್ ಮಾನದಂಡದಲ್ಲಿದೆ. 1 ವ್ಯಾಟೇ ಅದರ ಮೂರು ಪಟ್ಟು. ನಾನು 0.3ರಿಂದ ಶುರು ಮಾಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ಚಿನ್ನದಕಡ್ಡಿ
ಕಪ್ಪು ಇಲಿಯಾ ಬಿಳಿ ಇಲಿಯಾ? ಕಪ್ಪಾದರೆ ಚರ್ಮದ ಬಣ್ಣವೇ 808 ಹೀರಿ ಸುಡುತ್ತೆ. ಗಡ್ಡೆಯ ಗಡಿ ಗುರುತಿಸೋಕೆ ಕಪ್ಪು ಮಾರ್ಕರ್ ಎಳೆಯೋ ಅಭ್ಯಾಸವೂ ಬಿಡಿ. ಆ ಗೆರೆಯ ಮೇಲೇ ನೇರ ಬರೆ ಬೀಳುತ್ತೆ.

ಚರ್ಮದಾಕ್ಟ್ರು
ಇಲಿಯಿಂದ ಮನುಷ್ಯರ ಕಡೆ ಸ್ವಲ್ಪ ಬನ್ನಿ. ಬಿಸಿ ಮತ್ತು ಪಿಡಿಟಿ ಸೇರಿಸೋದು ಈಗಾಗಲೇ ಚರ್ಮದ ವಿಭಾಗದಲ್ಲಿ ಸದ್ದಿಲ್ಲದೆ ನಡೀತಿದೆ, ಅಲ್ಲಿ ಚಿನ್ನವೂ ಇಲ್ಲ ಲೇಸರ್‌ನ ಬಿಸಿಯೂ ಇಲ್ಲ.

ಅಮೈನೋಲೆವುಲಿನಿಕ್ ಆಮ್ಲ, ಚಿಕ್ಕದಾಗಿ ಆಲಾ, ತಾನಾಗಿ ಬೆಳಕಿಗೆ ಕೆಲಸ ಮಾಡೋ ಔಷಧ ಅಲ್ಲ. ಅದನ್ನ ಹಚ್ಚಿದ ಮೇಲೆ ಕೋಶವೇ ಅದನ್ನ ಪ್ರೋಟೋಪೋರ್ಫಿರಿನ್ ಆಗಿ ಬದಲಿಸಬೇಕು. ಆ ಕೆಲಸ ಕಿಣ್ವಗಳದ್ದು, ಕಿಣ್ವಕ್ಕೆ ತಾಪ ಬೇಕು. ತಣ್ಣನೆ ಕೈಕಾಲಿನ ಚರ್ಮದಲ್ಲಿ ಪರಿವರ್ತನೆ ತೀರಾ ನಿಧಾನ. ಔಷಧ ಹಚ್ಚಿ ಕಾಯೋ ಹೊತ್ತಲ್ಲಿ ಆ ಜಾಗವನ್ನ ಬೆಚ್ಚಗಿಟ್ಟರೆ, ಅಂದರೆ 38-40 ಡಿಗ್ರಿಯ ಆಸುಪಾಸು, ಅಷ್ಟೇ ಹೊತ್ತಲ್ಲಿ ಹೆಚ್ಚು ಪ್ರೋಟೋಪೋರ್ಫಿರಿನ್ ಕೂಡುತ್ತೆ. ಹಗಲು ಬೆಳಕಿನ ಪಿಡಿಟಿ ಮಾಡೋ ಯುರೋಪಿನ ದೇಶಗಳಲ್ಲಿ ಹೊರಗೆ 10 ಡಿಗ್ರಿಗಿಂತ ಕಡಿಮೆ ಇದ್ದರೆ ಬೇಡ ಅಂತ ಹೇಳೋದರಲ್ಲಿ ರೋಗಿಯ ಚಳಿ ಒಂದೇ ಕಾರಣ ಅಲ್ಲ, ಇದೂ ಒಂದು.

ಗಮನಿಸಿ, ಇಲ್ಲಿ ಬಿಸಿ ಮೊದಲು! ಮೇಲಿನ ಎಲ್ಲ ವಾದಕ್ಕೆ ಉಲ್ಟಾ.

ಧಾರವಾಡಪೇಢಾ
ಉಲ್ಟಾ ಅಲ್ರೀ ಡಾಕ್ಟರ್ರೇ. ನಿಮ್ಮ ಬಿಸಿ ಕೊಲ್ಲಾಕ ಅಲ್ಲ, ಅಡಿಗಿ ಮಾಡಾಕ. ಔಷಧ ತಯಾರಾಗಾಕ ಬೆಚ್ಚಗ ಇಡ್ತೀರಿ. 42ರ ಕೆಳಗ ಮೊದಲು ಕೊಡಬಹುದು, 43ರ ಮ್ಯಾಲಿಂದು ಆಮ್ಯಾಲೆ. ಇಷ್ಟ ನಿಯಮ.

ಚರ್ಮದಾಕ್ಟ್ರು
ಅದು ಚೆನ್ನಾಗಿ ಹೇಳಿದ್ರಿ. ಒಂದು ಎಚ್ಚರಿಕೆ: ಔಷಧ ಹೆಚ್ಚು ಕೂಡಿದಷ್ಟೂ ಬೆಳಕು ಬಿಟ್ಟಾಗ ನೋವೂ ಹೆಚ್ಚು. ನೀಲಿ ಬೆಳಕು, 417ರದ್ದು, 10 ಜೂಲ್, ತೆಳುವಾದ ಗಾಯಕ್ಕೆ. ಕೆಂಪು 630ರ ಆಸುಪಾಸು, ಆಲಾದ ಮೀಥೈಲ್ ಎಸ್ಟರ್ ಮುಲಾಮಿಗೆ 37 ಜೂಲ್, ಮೂರು ಗಂಟೆ ಮುಚ್ಚಿಟ್ಟ ಮೇಲೆ, ಸ್ವಲ್ಪ ಆಳಕ್ಕೆ. ಬೆಚ್ಚಗಿಟ್ಟು ಕಾಯೋ ಹೊತ್ತು ಕಡಿಮೆ ಮಾಡದಿದ್ದರೆ ರೋಗಿ ಅರ್ಧಕ್ಕೇ ನಿಲ್ಲಿಸಿ ಅಂತಾರೆ. ಫ್ಯಾನ್ ತಣ್ಣಗೆ ಬೀಸೋದು ಬೆಳಕು ಬಿಡೋವಾಗ ಮಾತ್ರ, ಕಾಯೋವಾಗ ಬೇಡ.

ಸುಮ್ನೆಓದುಗ
ನಮ್ಮಲ್ಲಿ ಬಾಯಿ ಕ್ಯಾನ್ಸರ್ ಇಷ್ಟೊಂದು. ಗುಟ್ಕಾ, ಎಲೆಅಡಿಕೆ, ತಂಬಾಕು. ಬಾಯೊಳಗೆ ಇದು ಆಗಲ್ವಾ?

ಅಂಕಿಅಂಶ
ಪಿಡಿಟಿ ಭಾಗ ಆಗುತ್ತೆ. ಉತ್ತರ ಪ್ರದೇಶದ ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ, ಬೋಸ್ಟನ್‌ನ ಸಂಶೋಧಕರ ಜೊತೆ, ಕಡಿಮೆ ಬೆಲೆಯ 635ರ ಎಲ್‌ಇಡಿ ಮತ್ತು ಸ್ಮಾರ್ಟ್‌ಫೋನ್‌ಗೆ ಜೋಡಿಸಿದ ಫ್ಲೋರೊಸೆನ್ಸ್ ಕ್ಯಾಮೆರಾ ಬಳಸಿ ಆರಂಭದ ಹಂತದ ಬಾಯಿ ಕ್ಯಾನ್ಸರ್‌ಗೆ ಮಾಡಿದ್ದಾರೆ. ಆಲಾ ಕುಡಿಯೋಕೆ, ಕೆ.ಜಿ.ಗೆ 60 ಮಿಲಿಗ್ರಾಂ, ಕಂತಿನಲ್ಲಿ. ಬೆಳಕು ಒಟ್ಟು 100 ಜೂಲ್, ಅದೂ ಕಂತಿನಲ್ಲಿ. ತಗೊಂಡದ್ದು 2 ಸೆಂ.ಮೀ.ಗಿಂತ ಚಿಕ್ಕ, 5 ಮಿ.ಮೀ.ಗಿಂತ ತೆಳು ಗಾಯಗಳು ಮಾತ್ರ. ಆಳಕ್ಕೆ ಇಳಿದದ್ದು, ಕುತ್ತಿಗೆ ಗಂಟಿಗೆ ಹರಡಿದ್ದು ಈ ಲೆಕ್ಕಕ್ಕಿಲ್ಲ, ಅದಕ್ಕೆ ಶಸ್ತ್ರಚಿಕಿತ್ಸೆ, ರೇಡಿಯೇಶನ್ನೇ.

ಬಾಯೊಳಗೆ ಬಿಸಿ ಸೇರಿಸಬೇಕಾದ ಅಗತ್ಯವೂ ಅಷ್ಟಿಲ್ಲ. ಅಲ್ಲಿ ಮೊದಲೇ 37 ಇರುತ್ತೆ.

ಸುಮ್ನೆಓದುಗ
ಹಾಗಾದರೆ ಚಿನ್ನದ ಕಣದ ಬಿಸಿ ಮನುಷ್ಯರಿಗೆ ಬಂದೇ ಇಲ್ವಾ?

ಚಿನ್ನದಕಡ್ಡಿ
ಪ್ರಯೋಗಕ್ಕೆ ಬಂದಿದೆ, ಚಿಕಿತ್ಸೆಯಾಗಿ ಅಂಗಡಿಗೆ ಬಂದಿಲ್ಲ. ಸಿಲಿಕಾ ತಿರುಳಿಗೆ ಚಿನ್ನದ ಚಿಪ್ಪು ಹೊದಿಸಿದ ಸುಮಾರು 150 ನ್ಯಾನೋಮೀಟರ್ ಕಣ. ನ್ಯೂಯಾರ್ಕ್‌ನ ಮೌಂಟ್ ಸಿನಾಯ್‌ನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನ 16 ಜನರ ಮೇಲಿನ ಮೊದಲ ಫಲಿತಾಂಶ 2019ರಲ್ಲಿ ಬಂತು. ಹಿಂದಿನ ದಿನ ಕಣ ರಕ್ತಕ್ಕೆ, ಮರುದಿನ ಗಡ್ಡೆಯೊಳಗೆ ಫೈಬರ್ ತೂರಿಸಿ ಲೇಸರ್. ಆದರೆ ಅದು ಬರೀ ಬಿಸಿ, ಪಿಡಿಟಿ ಇಲ್ಲ. ಇನ್ನೊಂದು ಕಡೆ ಜಪಾನ್ 2020ರಲ್ಲಿ ಪ್ರತಿಕಾಯಕ್ಕೆ ಬಣ್ಣ ಅಂಟಿಸಿ 690ರ ಬೆಳಕು ಬಿಡೋ ಚಿಕಿತ್ಸೆಗೆ ತಲೆ-ಕುತ್ತಿಗೆ ಕ್ಯಾನ್ಸರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಬಿಸಿ ಇಲ್ಲ. ಎರಡೂ ದಾರಿ ಇನ್ನೂ ಬೇರೆಬೇರೆ.

ಹೊಸಬ
ಮನೇಲಿ ಮಂಡಿನೋವಿಗೆ ಬಳಸೋ ಕೆಂಪು ಇನ್‌ಫ್ರಾರೆಡ್ ಬಲ್ಬ್ ಇದೆ. ಅರಿಶಿನ ಕುಡಿದು ಅದನ್ನ ಹಿಡಿದರೆ ಇದೇ ಪರಿಣಾಮ ಆಗುತ್ತೆ ಅಂತ ಒಂದು ವಿಡಿಯೋ ಇದೆ. ನಿಜವಾ?

ಕೆಂಪುದೀಪ
ಇಲ್ಲ. ಅರಿಶಿನದ ಕರ್ಕ್ಯುಮಿನ್ ಹೀರೋದು 420-430ರ ನೀಲಿ ಬೆಳಕನ್ನ. ಕೆಂಪು ಬಲ್ಬಿಗೂ ಅದಕ್ಕೂ ನೆಂಟಸ್ತನವೇ ಇಲ್ಲ. ಕುಡಿದದ್ದು ರಕ್ತಕ್ಕೆ ಸೇರೋದೂ ಅತ್ಯಲ್ಪ. ಇನ್ನು ಬಲ್ಬಿನ ಬಿಸಿ ಚರ್ಮದ ಮೇಲೇ ನಿಲ್ಲುತ್ತೆ. ಗಡ್ಡೆ ಇರೋ ಜಾಗಕ್ಕೆ ತಾಪ ಅಳೆಯದೆ ಬಿಸಿ ಕೊಡಬೇಡಿ.

ಚರ್ಮದಾಕ್ಟ್ರು
ಇದೇ ನೆಪದಲ್ಲಿ ಒಂದು ಮುಖ್ಯ ವಿಷಯ. ನಿಜವಾಗಿ ಪೋರ್ಫಿಮರ್ ಅನ್ನೋ ಪಿಡಿಟಿ ಔಷಧದ ಚುಚ್ಚುಮದ್ದು ತಗೊಂಡವರು (ಕೆ.ಜಿ.ಗೆ 2 ಮಿಲಿಗ್ರಾಂ, 40ರಿಂದ 50 ಗಂಟೆ ಬಿಟ್ಟು 630ರ ಬೆಳಕು) ಕನಿಷ್ಠ 30 ದಿನ ಬಿಸಿಲಿಗೂ ಜೋರು ದೀಪಕ್ಕೂ ಹೋಗೋ ಹಾಗಿಲ್ಲ. ಸನ್‌ಸ್ಕ್ರೀನ್ ಕಾಪಾಡಲ್ಲ, ಯಾಕಂದರೆ ಅದು ತಡೆಯೋದು ನೇರಳಾತೀತ, ಇಲ್ಲಿ ಸುಡೋದು ಕಣ್ಣಿಗೆ ಕಾಣೋ ಬೆಳಕು. ದಪ್ಪ ಬಟ್ಟೆ, ಕೈಗವಸು, ಅಗಲ ಟೋಪಿ. ಹಾಗಂತ ಪೂರ್ತಿ ಕತ್ತಲ ಕೋಣೆಯಲ್ಲೂ ಕೂರಿಸಬಾರದು. ಮನೆಯೊಳಗಿನ ಮಂದ ಬೆಳಕು ಚರ್ಮದಲ್ಲಿ ಉಳಿದ ಔಷಧವನ್ನ ನಿಧಾನಕ್ಕೆ ಕಳೆಯುತ್ತೆ. ಆಪರೇಷನ್ ಕೋಣೆಯಲ್ಲಿ ಪಲ್ಸ್ ಆಕ್ಸಿಮೀಟರ್ ಕ್ಲಿಪ್ ಒಂದೇ ಬೆರಳಿಗೆ ಗಂಟೆಗಟ್ಟಲೆ ಬಿಡಬೇಡಿ, ಅದರೊಳಗೂ ಕೆಂಪು ದೀಪ ಇದೆ.

ನಿರ್ವಾಹಕ
ಮನೆಮದ್ದಿನ ಕವಲು ಇಲ್ಲಿಗೆ ಸಾಕು. ಚಿಕಿತ್ಸೆಯ ಪ್ರಶ್ನೆ ಇದ್ದರೆ ನಿಮ್ಮ ಆಂಕಾಲಜಿಸ್ಟ್ ಹತ್ತಿರ ಕೇಳಿ. ಮೂಲ ವಿಷಯಕ್ಕೆ ಬನ್ನಿ.

ಇಲಿಮನೆ
ಬದಲಿಸಿದ ವಿನ್ಯಾಸ ಹಾಕ್ತಿದ್ದೀನಿ, ಕತ್ತರಿ ಆಡಿಸಿ.

ಕಡ್ಡಿ 24 ಗಂಟೆ ಮುಂಚೆ, ಕ್ಲೋರಿನ್ ಇ6 ನಾಲ್ಕು ಗಂಟೆ ಮುಂಚೆ, ಮಂದ ಬೆಳಕಲ್ಲಿ. ಕೆಳಗೆ ಹೀಟಿಂಗ್ ಪ್ಯಾಡ್. 660, ಸಮತಟ್ಟು ಕಿರಣ, 12 ಮಿ.ಮೀ. ವೃತ್ತ, ಚ.ಸೆಂ.ಮೀ.ಗೆ 75 ಮಿಲಿವ್ಯಾಟ್, 100 ಜೂಲ್. ಹತ್ತು ನಿಮಿಷದೊಳಗೆ 808, 0.3ರಿಂದ ಶುರು, ಗಡ್ಡೆಯ ತಳದಲ್ಲಿ ಫೈಬರ್ ಸೆನ್ಸರ್, 44ರಲ್ಲಿ 20 ನಿಮಿಷ. ಹೋಲಿಕೆ ಗುಂಪು ಕೆಂಪುದೀಪ ಹೇಳಿದ ಹಾಗೆ.

ಡೋಸಿಮೀಟರ್
ಸೆನ್ಸರ್ ತಳದಲ್ಲಿ 44 ಇದ್ದರೆ ಮೇಲೆ ಎಷ್ಟು? 48 ಆದರೆ 20 ನಿಮಿಷಕ್ಕೆ 640. ಮತ್ತೆ ಮೊದಲಿನ ಜಾಗಕ್ಕೇ ಬಂದ್ರಿ! ತಳದಲ್ಲಿ ಒಂದು, ಮೇಲೆ ಕ್ಯಾಮೆರಾ, ಎರಡರ ಅಂತರ 2 ಡಿಗ್ರಿ ಮೀರದ ಹಾಗೆ ಪವರ್ ಇಡಿ. ಆಗದಿದ್ದರೆ ಗಡ್ಡೆ 5-6 ಮಿ.ಮೀ. ಇದ್ದಾಗಲೇ ಮಾಡಿ.

ಧಾರವಾಡಪೇಢಾ
ಒಂದ ಸಲಕ್ಕ ಮುಗಿಸ್ರಿ, ಮರುದಿನ ಮತ್ತ ಬಿಸಿ ಕೊಡಬ್ಯಾಡ್ರಿ. ಒಮ್ಮೆ ಬಿಸಿ ತಿಂದ ಕೋಶ ಎಚ್‌ಎಸ್‌ಪಿ70 ಥರದ ಪ್ರೋಟೀನ್ ಮಾಡಿಕೊಂಡು ಒಂದೆರಡು ದಿನ ಗಟ್ಟಿ ಆಗಿರ್ತೈತಿ. ಎರಡನೇ ಸುತ್ತು ಬೇಕಂದ್ರ ಮೂರು ದಿನ ಬಿಟ್ಟು.

ಅಂಕಿಅಂಶ
12 ಮಿ.ಮೀ. ವೃತ್ತಕ್ಕೆ ವಿಸ್ತೀರ್ಣ 1.13 ಚ.ಸೆಂ.ಮೀ. 660ಕ್ಕೆ ಮೀಟರ್‌ನಲ್ಲಿ 85 ಮಿಲಿವ್ಯಾಟ್ ಓದಬೇಕು, 75 ಅಲ್ಲ. 808ಕ್ಕೂ ಅದೇ ವೃತ್ತ ಆದರೆ 0.34 ವ್ಯಾಟ್.

ಚಿನ್ನದಕಡ್ಡಿ
ಇಲಿಗೆ ಸೊಪ್ಪಿನ ಅಂಶ ಇಲ್ಲದ ಆಹಾರ ಕೊಡಿ. ಮಾಮೂಲಿ ಉಂಡೆಯಲ್ಲಿರೋ ಆಲ್ಫಾಲ್ಫಾದ ಕ್ಲೋರೋಫಿಲ್ 670ರ ಹತ್ತಿರ ಹೊಳೆಯುತ್ತೆ. ಕ್ಲೋರಿನ್ ಇ6 ಎಲ್ಲಿ ಸೇರಿದೆ ಅಂತ ಇಮೇಜಿಂಗ್ ಮಾಡಿದರೆ ಹೊಟ್ಟೆಯೆಲ್ಲ ದೀಪಾವಳಿ.

ಇಲಿಮನೆ
ಎಲ್ಲ ತಿದ್ದಿಕೊಂಡೆ. ಎರಡೂ ಲೇಸರ್‌ಗೆ ಒಂದೇ ಕನ್ನಡಕ ನಡೆಯುತ್ತಾ? ಲ್ಯಾಬ್‌ನಲ್ಲಿ 660ರದ್ದು ಇದೆ.

ಥರ್ಮೋಕಪಲ್
ನಡೆಯಲ್ಲ! 660ರ ಕನ್ನಡಕ 808ನ್ನ ಹಾಗೇ ಒಳಗೆ ಬಿಡಬಹುದು. 808 ಕಣ್ಣಿಗೆ ಕಾಣಲ್ಲ, ಕಣ್ಣು ಮಿಟುಕಿಸಲ್ಲ, ನೇರ ರೆಟಿನಾ. ಕನ್ನಡಕದ ಮೇಲೆ ಎರಡೂ ತರಂಗದೂರಕ್ಕೆ ಓಡಿ (ಬೆಳಕು ತಡೆಯೋ ಮಟ್ಟ) 5 ಅಥವಾ ಮೇಲೆ ಅಂತ ಅಚ್ಚಾಗಿರಬೇಕು. ಅದು ಬರೋತನಕ 808 ಸ್ವಿಚ್ ಮುಟ್ಟಬೇಡಿ.